ತೊಳೆಯದ ಗಾಜು

ಪ್ರೊಫೆಸರ್ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು, ಹೆಣದ ತಲೆಯ ಬಳಿ ಕೂತಿದ್ದ ಸತ್ತವನ ಹೆಂಡತಿಯ ಕಿವಿಗೆ ಬಗ್ಗಿ, ಮರದ ಪೆಟ್ಟಿಗೆ ಎಲ್ಲಿದೆ ಎಂದು ಕೇಳುತ್ತಿದ್ದರು. ಗಾಜಿನಕ್ಕನಿಗೆ ಬಾಗಿಲಲ್ಲಿ ನಿಂತೇ ಅದು ಕೇಳಿಸಿತು. ಥೂ, ಹೆಣ ಒಯ್ಯುವ ವ್ಯಾನ್ ಬಂದು ಹೋಗುವವರೆಗಾದರೂ ಕಾಯಬಾರದಿತ್ತೇ ಈ ಮನುಷ್ಯ!

ಪ್ರಯೋಗಾಲಯದಲ್ಲಿ ಇಪ್ಪತ್ತೆಂಟು ವರ್ಷ ಗಾಜಿನ ಸಾಮಾನು ತೊಳೆದವಳು ಅವಳು. ಅದಕ್ಕೇ ಎಲ್ಲರ ಬಾಯಲ್ಲೂ ಗಾಜಿನಕ್ಕ. ಸತ್ತವನು ಅಲ್ಲಿಯ ಟೆಕ್ನಿಷಿಯನ್. ಅವಳು ಅಣ್ಣ ಅನ್ನುತ್ತಿದ್ದಳು, ಮಿಕ್ಕವರು ಮಚ್ಚೆ ಅನ್ನುತ್ತಿದ್ದರು.

ಆಗಷ್ಟೇ ಪ್ರೊಫೆಸರ್ ಎಲ್ಲರ ಮುಂದೆ ನಿಂತು ನಾಲ್ಕು ಮಾತಾಡಿದ್ದರು. ಕೈ ಸ್ವಲ್ಪ ಒರಟು, ಆದರೆ ಪಾಪದ ಮನುಷ್ಯ, ಹೇಳಿದ ಮಾತು ಮೀರಿದವನಲ್ಲ ಅಂದಿದ್ದರು. ಆ ಮಾತಿಗೆ ಹೆಂಡತಿಯೂ ತಲೆಯಾಡಿಸಿದ್ದಳು. ಗಾಜಿನಕ್ಕನಿಗೆ ತಡೆಯಲಾಗದೆ ಹೋದದ್ದು ಅದು.

*

ಇಲಿಯ ಪಿತ್ತಜನಕಾಂಗವನ್ನು ಇಡಿಯಾಗಿ ಅರೆದು, ಅದರಲ್ಲಿ ಕಿಣ್ವ ಎಷ್ಟು ಚುರುಕಾಗಿದೆ ಎಂದು ಅಳೆಯುವುದು ಆಗ ಪ್ರೊಫೆಸರರ ಪದ್ಧತಿ. ಅರೆದ ಮೇಲೆ ಯಾವುದು ಎಲ್ಲಿತ್ತು ಎಂದು ಯಾರಿಗೆ ಗೊತ್ತು? ಬಂದದ್ದು ಒಂದೇ ಅಂಕಿ. ಹಾಗಾಗಿ ಕಿಣ್ವ ಎಲ್ಲ ಕಡೆಗೂ ಸಮವಾಗಿ ಹರಡಿದೆ ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು. ಚಿತ್ರಕ್ಕೆಂದು ಮಾತ್ರ ಅಣ್ಣನಿಂದ ಒಂದು ತುಂಡನ್ನು ಹೆಪ್ಪುಗಟ್ಟಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ಯಿಸಿ, ಚಿಕ್ಕ ಗಾಜಿನ ಪಟ್ಟಿಗಳಿಗೆ ಅಂಟಿಸಿ ಬಣ್ಣದಲ್ಲಿ ಇಡಿಸಿದರು. ಕಿಣ್ವ ಕೆಲಸ ಮಾಡುವ ಕಡೆ, ಅಂದರೆ ಅವರ ಲೆಕ್ಕಕ್ಕೆ ಎಲ್ಲೆಡೆ, ನೀಲಿ ಏಳಬೇಕು.

ಎದ್ದದ್ದು ಮಚ್ಚೆಮಚ್ಚೆಯಾಗಿ. ಸಣ್ಣ ಸಣ್ಣ ತೂತಿನ ಸುತ್ತ ಕಡುನೀಲಿ, ದೂರ ಹೋದಂತೆ ಬಿಳುಪು. ಬಣ್ಣ ಹಾಕಲು ಬಾರದ ಕತ್ತೆ ಎಂದು ಎಲ್ಲರೆದುರು ಬೈದು, ಪ್ರೊಫೆಸರ್ ಗಾಜುಗಳಿದ್ದ ತಟ್ಟೆಯನ್ನು ಗಾಜಿನಕ್ಕನ ಕಡೆ ತಳ್ಳಿದರು. ಅವಳು ತೊಳೆದೂಬಿಟ್ಟಳು. ಹದಿನಾರು ಗಾಜು.

ಅಣ್ಣ ಅವಳನ್ನು ಬೈಯಲಿಲ್ಲ. ಮಾರನೆಯ ದಿನ ಮತ್ತೆ ಕೊಯ್ದ, ಮತ್ತೆ ಮಚ್ಚೆ. ತೊಟ್ಟಿಯ ಹತ್ತಿರ ಬಂದು ಮೆಲ್ಲಗೆ ಹೇಳಿದ: "ನೋಡಕ್ಕಾ, ರಕ್ತ ಅಂಚಿನಿಂದ ಒಳಗೆ ಬರುತ್ತೆ, ಈ ನಡುವಿನ ತೂತಿನಿಂದ ಹೊರಗೆ ಹೋಗುತ್ತೆ. ಜೀವಕೋಶಗಳೂ ಮನೆಯೋರ ಹಾಗೇ, ಬಾಗಿಲಲ್ಲಿರೋರಿಗೆ ಒಂದು ಕೆಲಸ, ಬಚ್ಚಲ ಹತ್ತಿರ ಇರೋರಿಗೆ ಇನ್ನೊಂದು. ನನ್ನ ಕೈ ತಪ್ಪಿಲ್ಲ."

ಅಂದಿನಿಂದ ಅವನ ಗಾಜುಗಳನ್ನು ಅವಳು ತೊಳೆಯಲಿಲ್ಲ. ಅವನು ಅವನ್ನು ಒಂದು ಮರದ ಪೆಟ್ಟಿಗೆಯಲ್ಲಿಟ್ಟು ಮನೆಗೆ ಒಯ್ದ. ಆರು ವರ್ಷದ ಮೇಲೆ ಬೇರೆಲ್ಲೋ ಯಾರೋ ಅದನ್ನೇ ಕಂಡುಹಿಡಿದರಂತೆ. ಪ್ರೊಫೆಸರ್ ಓಡಿಬಂದು, ಪೆಟ್ಟಿಗೆ ತರಿಸಿ, ಚಿತ್ರ ತೆಗೆಸಿ ಹಿಂದಕ್ಕೆ ಕೊಟ್ಟು, ತಾವು ಮೊದಲೇ ಕಂಡಿದ್ದೆವೆಂದು ಬರೆದುಕೊಂಡರು. ಅಣ್ಣನ ಹೆಸರು ಎಲ್ಲೂ ಬರಲಿಲ್ಲ. ಮಚ್ಚೆ ಎಂಬ ಅಡ್ಡಹೆಸರು ಮಾತ್ರ ಹಾಗೇ ಉಳಿಯಿತು.

*

ಹೆಂಡತಿ ಒಳಗಿನಿಂದ ಪೆಟ್ಟಿಗೆ ತಂದಳು. ಮುಂದಿನ ತಿಂಗಳು ತಮಗೊಂದು ಸನ್ಮಾನವಿದೆ, ಅಲ್ಲಿ ಪ್ರದರ್ಶನಕ್ಕೆ ಇಡಬೇಕು ಎನ್ನುತ್ತ ಪ್ರೊಫೆಸರ್ ಕೈ ಚಾಚಿದರು. ಆ ಬೆರಳುಗಳನ್ನು ನೋಡಿ ಗಾಜಿನಕ್ಕನಿಗೆ ಅಸಹ್ಯವಾಯಿತು. ಸಿಂಕಿನ ಜಾಲರಿಗೆ ಸಿಕ್ಕಿದ ಗಲೀಜನ್ನು ಬರಿಗೈಲಿ ತೆಗೆದವಳು ಅವಳು, ಆಗಲೂ ಇಷ್ಟು ಹೇಸಿರಲಿಲ್ಲ.

"ಅತ್ತಿಗೆ, ಕೊಡಬೇಡಿ," ಎಂದಳು. "ಅಣ್ಣನ ಕೈ ಒರಟಲ್ಲ. ಅವರು ಮಾಡಿದ್ದೇ ಸರಿ ಇತ್ತು. ತಪ್ಪಿದ್ದು ಇವರು."

ಅವಳು ತೊದಲುತ್ತಲೇ ಎಲ್ಲ ಹೇಳಿದಳು, ತಾನು ತೊಳೆದ ಹದಿನಾರನ್ನೂ ಬಿಡದೆ. ದುಃಖದಲ್ಲಿ ಏನೇನೋ ಬಡಬಡಿಸುತ್ತಾಳೆ ಎಂದು ಪ್ರೊಫೆಸರ್ ನಕ್ಕರು.

"ನಾನೂ ಬೈದೆನಲ್ಲ," ಎಂದಳು ಹೆಂಡತಿ. "ನೆಟ್ಟಗೆ ಬಣ್ಣ ಹಾಕೋಕೂ ಬಾರದವನನ್ನು ಕಟ್ಟಿಕೊಂಡೆ ಅಂತ ಪಕ್ಕದ ಮನೆಯವರ ಮುಂದೂ ಅಂದೆನಲ್ಲ. ನೀನ್ಯಾಕೆ ಇಷ್ಟು ವರ್ಷ ಬಾಯಿ ಬಿಡಲಿಲ್ಲ?"

"ಕೆಲಸ ಹೋಗುತ್ತೆ ಅಂತ, ಅತ್ತಿಗೆ. ಅಣ್ಣನೂ ಅದಕ್ಕೇ."

ಹೇಳಿದ ಮೇಲೆ ಅವಳಿಗೆ ಪ್ರೊಫೆಸರರ ಮೇಲಿದ್ದಷ್ಟೇ ಅಸಹ್ಯ ತನ್ನ ಮೇಲೂ ಆಯಿತು. ಅವರು ಕದ್ದರು, ಸರಿ. ಇವಳು ಬಾಯಿ ಹೊಲಿದುಕೊಂಡು ನೋಡಿದ್ದಳು.

ಹೆಂಡತಿ ಮುಚ್ಚಳ ತೆಗೆದಳು. ಒಂದು ಗಾಜನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಸಣ್ಣ ಸಣ್ಣ ತೂತುಗಳು, ಸುತ್ತ ಮಾಸಿದ ನೀಲಿ. ಅಂಚಿನ ಚೀಟಿಯಲ್ಲಿ ಪೆನ್ಸಿಲ್ಲಿನ ಇರುವೆಯಂಥ ಅಕ್ಷರ. ಅವಳ ಕಣ್ಣಿಗೆ ಅದು ಹತ್ತಲಿಲ್ಲ. ಗಾಜನ್ನು ಪ್ರೊಫೆಸರರ ಕೈಗೆ ಕೊಡದೆ ಅವರ ಕಣ್ಣೆದುರು ಹಿಡಿದಳು.

"ಓದಿ. ಎಲ್ಲರಿಗೂ ಕೇಳಿಸಲಿ."

ಪ್ರೊಫೆಸರ್ ಸುತ್ತ ನೋಡಿದರು. ಕುರ್ಚಿಗಳಲ್ಲಿದ್ದವರೆಲ್ಲ ಅವರನ್ನೇ ನೋಡುತ್ತಿದ್ದರು. ಕರವಸ್ತ್ರ ಕೆಳಗಿಳಿಯಿತು.

"ತಪ್ಪಲ್ಲ," ಎಂದು ಓದಿದರು. "ಇರುವುದೇ ಹೀಗೆ. ತೊಳೆಯಬೇಡಿ."

ಹೊರಗೆ ವ್ಯಾನಿನವನು ಹಾರ್ನ್ ಹೊಡೆದ. ಯಾರೂ ಏಳಲಿಲ್ಲ. ಹೆಂಡತಿ ಆ ಗಾಜನ್ನು ಗಂಡನ ಎದೆಯ ಮೇಲಿಟ್ಟು, ಪೆಟ್ಟಿಗೆಯಿಂದ ಇನ್ನೊಂದನ್ನು ಎತ್ತಿದಳು.

"ಇದನ್ನೂ ಓದಿ."