ಕಟ್ಟೆಯ ಮೇಲೆ ಏನೂ ಇಲ್ಲ

ಮಾಲತಿ ಚಾದ ಕೊನೆಯ ಗುಟುಕು ಮುಗಿಸಿ ಸ್ಟೂಲಿನಿಂದ ಇಳಿದಿದ್ದೇ ತಡ, ಶಾಂಭವಿಯ ಕೈಗೆ ಒದ್ದೆ ಬಟ್ಟೆ ಬಂದುಬಿಟ್ಟಿತ್ತು. ಲೋಟ ಸಿಂಕಿಗೆ ಹೋಯಿತು. ಲೋಟ ಇಟ್ಟಿದ್ದ ಜಾಗ, ಮೊಣಕೈ ಊರಿದ್ದ ಜಾಗ, ಮಲ್ಲಿಗೆ ಮೊಗ್ಗು ಹರವಿದ್ದ ಜಾಗ, ಎಲ್ಲದರ ಮೇಲೂ ಬಟ್ಟೆ ಸರಸರನೆ ಓಡಾಡಿತು. ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ ಮಾಲತಿ ಬಾಗಿಲಿನಿಂದ ಒಮ್ಮೆ ತಿರುಗಿ ನೋಡಿದಳು.

"ಹೋಗ್ಬತ್ತೆ ಅಕ್ಕ."

"ಆತು, ನಾಳೆ ಬಾ" ಎಂದಳು ಶಾಂಭವಿ, ತಲೆ ಎತ್ತದೆ. ಅಂಚಿನಲ್ಲಿ ಚಾದ ಕಲೆಯೊಂದು ಉಳಿದುಕೊಂಡಿತ್ತು. ಅವಳ ಲಕ್ಷ್ಯವೆಲ್ಲ ಅದರ ಮೇಲೆಯೇ ಇತ್ತು.

ಮರುದಿನ ಮಾಲತಿ ಬರಲಿಲ್ಲ. ಅದರ ಮರುವಾರವೂ ಬರಲಿಲ್ಲ.

ಶಾಂಭವಿ ಕುಮಟೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಮದುವೆ ಬೇಡವೆಂದು ಹಟ ಹಿಡಿದವಳೇನಲ್ಲ. ಆಗಲಿಲ್ಲ, ಆಮೇಲೆ ಬೇಕೆನಿಸಲಿಲ್ಲ. ಬಹಳ ವರ್ಷ ಅಣ್ಣನ ಸಂಸಾರದ ಜೊತೆಯಲ್ಲಿದ್ದು, ಈಗ ಹೊನ್ನಾವರದ ಗುಡ್ಡದ ಮೇಲೆ ತನ್ನದೇ ಫ್ಲ್ಯಾಟು ಮಾಡಿಕೊಂಡಿದ್ದಳು. ಅದರ ಅಡುಗೆಮನೆಯ ನಡುಮಧ್ಯೆ, ಯಾವ ಗೋಡೆಗೂ ತಾಗದಂತೆ, ಕಪ್ಪು ಗ್ರಾನೈಟಿನ ಒಂದು ಕಟ್ಟೆ. ಕಟ್ಟಿಸಿಕೊಟ್ಟ ಗುತ್ತಿಗೆದಾರ ಗುರುದತ್ತ ಅದನ್ನು ಐಲ್ಯಾಂಡ್ ಎನ್ನುತ್ತಿದ್ದ. ಒಬ್ಬಳೇ ಇರುವವಳಿಗೆ ಇಷ್ಟು ದೊಡ್ಡ ಕಟ್ಟೆ ಯಾಕೆ, ಅದರ ಸುತ್ತ ನಾಲ್ಕು ಸ್ಟೂಲು ಯಾರಿಗೆ ಎಂದು ಕೇಳದವರಿಲ್ಲ. ಅವಳು ನಕ್ಕುಬಿಡುತ್ತಿದ್ದಳು.

ಅಣ್ಣನ ಮನೆಯ ಊಟದ ಮೇಜನ್ನು ನೋಡಿದವರಾದರೆ ಹೀಗೆ ಕೇಳುತ್ತಿರಲಿಲ್ಲ. ಉಪ್ಪಿನಕಾಯಿ ಜಾಡಿ, ಮಾತ್ರೆ ಡಬ್ಬಿ, ಕರೆಂಟು ಬಿಲ್ಲು, ಅರ್ಧ ಹೆಚ್ಚಿದ ಬಾಳೆಕಾಯಿ, ಮಕ್ಕಳ ಕಂಪಾಸು ಪೆಟ್ಟಿಗೆ ಎಲ್ಲ ಅಲ್ಲೇ. ಉತ್ತರಪತ್ರಿಕೆ ತಿದ್ದಲು ಅಂಗೈಯಗಲ ಜಾಗ ಬೇಕೆಂದರೂ ಯಾರದೋ ತಟ್ಟೆ ಸರಿಸಬೇಕು, ಯಾರದೋ ಮುಖ ನೋಡಬೇಕು. ಯಾರ ಯಾವ ವಸ್ತುವೂ ಇಲ್ಲದ ಒಂದು ಬರಿದಾದ ಜಾಗ ತನಗೆ ಬೇಕೆಂದು ಅವಳಿಗೆ ಅನ್ನಿಸಿದ್ದು ಆ ಮೇಜಿನ ಮೂಲೆಯಲ್ಲಿ ಕೂತೇ. ಹಾಗಾಗಿ ಈ ಕಟ್ಟೆಯ ಮೇಲೆ ಕೀಲಿಕೈ ಇಡುವಂತಿರಲಿಲ್ಲ, ತರಕಾರಿ ಚೀಲ ಇಡುವಂತಿರಲಿಲ್ಲ. ಉಪ್ಪಿನ ಡಬ್ಬಿಗೂ ಕಪಾಟಿನೊಳಗೇ ವಾಸ. ಒಂದು ನಿಂಬೆಹಣ್ಣು ಮರೆತು ಉಳಿದರೂ ಅದು ತಪ್ಪಿತಸ್ಥನ ಹಾಗೆ ಕಾಣುತ್ತಿತ್ತು. ಅವಳು ಬಯಸಿದ್ದು ಅವಳಿಗೆ ಸಿಕ್ಕಿತ್ತು. ಸಂಜೆ ಕಾಲೇಜಿನಿಂದ ಬಂದು ಆ ಹೊಳೆಯುವ ಕಲ್ಲಿನ ಮುಂದೆ ಒಬ್ಬಳೇ ಕೂತಾಗ ಮಾತ್ರ, ಸಿಕ್ಕಿದ್ದನ್ನು ಏನು ಮಾಡುವುದೆಂದು ತಿಳಿಯುತ್ತಿರಲಿಲ್ಲ.

ಅಂಥದ್ದರಲ್ಲಿ ಎದುರು ಬಾಗಿಲಿಗೆ ಮಾಲತಿ ಬಂದಳು. ಆಸ್ಪತ್ರೆಯಲ್ಲಿ ನರ್ಸು. ಗಂಡ ಮೋಹನ ಬೋಟಿಗೆ ಹೋದನೆಂದರೆ ವಾರಗಟ್ಟಲೆ ಸಮುದ್ರದಲ್ಲೇ. ತವರು ಭಟ್ಕಳದ ಕಡೆ. ಅಲ್ಲಿಂದ ಬಸ್ಸಿನಲ್ಲಿ ಮಲ್ಲಿಗೆ ಮೊಗ್ಗಿನ ಚೀಲ ಬರುತ್ತಿತ್ತು. ಡ್ಯೂಟಿ ಮುಗಿಸಿ ಬಂದವಳು ಚೀಲವನ್ನು ಸೀದಾ ಕಟ್ಟೆಯ ಮೇಲೆ ಸುರುವಿ, ನೆನೆಸಿದ ಬಾಳೆನಾರು ಸೀಳಿ ಕಟ್ಟಲು ಕೂರುತ್ತಿದ್ದಳು. ನೀರು ಹನಿಯುತ್ತಿತ್ತು, ತೊಟ್ಟು ಉದುರುತ್ತಿತ್ತು. ಶಾಂಭವಿಯ ಜೀವ ಮೊದಮೊದಲು ಚಡಪಡಿಸಿತು. ಆಮೇಲೆ ತಾನೂ ನಾರು ಹಿಡಿದಳು.

"ಅಕ್ಕ, ನೀವು ಕಟ್ಟಿದ್ದು ಮುಡ್ಕಂಡ್ರೆ ಬಸ್‌ಸ್ಟ್ಯಾಂಡಿನ ತನಕ ಬರೂದಿಲ್ಲ, ದಾರೀಲೇ ಉದುರ್ತದೆ" ಎಂದು ಮಾಲತಿ ನಗುತ್ತಿದ್ದಳು. ಶಾಂಭವಿಯನ್ನು ಹೀಗೆ ಸಲಿಗೆಯಿಂದ ಛೇಡಿಸುವವರು ಬೇರೆ ಯಾರೂ ಇರಲಿಲ್ಲ.

ಈಗ ಅದೂ ನಿಂತಿತ್ತು. ಎದುರು ಬಾಗಿಲಿನ ಚಿಲಕದ ಸದ್ದಿಗೆ ಶಾಂಭವಿ ಕಿವಿಯಾಗಿ ಕೂರುತ್ತಿದ್ದಳು. ಮೀನು ಹುರಿಯುವ ವಾಸನೆ ಬಂದರೆ ಮಾಲತಿ ಮನೆಯಲ್ಲಿದ್ದಾಳೆಂದು ಅರ್ಥ. ಇದ್ದೂ ಬರಲಿಲ್ಲವೆಂದೂ ಅರ್ಥ. ಕೊನೆಯ ದಿನ ಆಡಿದ ಮಾತುಗಳನ್ನೆಲ್ಲ ಒಂದೊಂದಾಗಿ ತಿರುವಿ ನೋಡಿದಳು. ಒಂದರಲ್ಲೂ ಮುಳ್ಳು ಸಿಗಲಿಲ್ಲ. ಮೆಟ್ಟಿಲಲ್ಲಿ ಸಿಕ್ಕಾಗ ಮಾಲತಿ ನಗುವುದನ್ನೇನೂ ಬಿಟ್ಟಿರಲಿಲ್ಲ, ನಿಲ್ಲುವುದನ್ನು ಮಾತ್ರ ಬಿಟ್ಟಿದ್ದಳು.

ಆ ಭಾನುವಾರ ಇಡಗುಂಜಿಗೆ ಹೋಗಿಬಂದದ್ದು ದೇವರಿಗಾಗಿ ಎಷ್ಟೋ, ಎದುರು ಮನೆಯ ಬಾಗಿಲು ತಟ್ಟಲು ಒಂದು ನೆಪಕ್ಕಾಗಿ ಅಷ್ಟೇ.

"ಎಂತ ಮಾಲತಿ, ಕಾಣೂದೇ ಇಲ್ಲ ನೀನು?"

"ಡ್ಯೂಟಿ ಅಕ್ಕ. ಈಗ ಯಾರಿಗೂ ರಜೆ ಕೊಡೂದಿಲ್ಲ."

"ಪಂಚಕಜ್ಜಾಯ ತಂದಿದ್ದೆ. ಬಾ, ಚಾ ಕುಡ್ದು ಹೋಗು. ಬಾ ಅಂದ್ರೆ."

ಮಾಲತಿ ಬಂದಳು. ಕೈಯಲ್ಲಿ ಮಲ್ಲಿಗೆ ಚೀಲ ಇರಲಿಲ್ಲ. ಸ್ಟೂಲಿನ ತುದಿಯಲ್ಲಿ, ಡಾಕ್ಟರ ಬಾಗಿಲಲ್ಲಿ ಸರದಿ ಕಾಯುವವರ ಹಾಗೆ ಕೂತಳು. ಮೊಣಕೈ ಕಟ್ಟೆಗೆ ತಾಗಲಿಲ್ಲ. ಪಂಚಕಜ್ಜಾಯವನ್ನು ಅಂಗೈಯಲ್ಲಿಟ್ಟುಕೊಂಡೇ ತಿಂದಳು. ಮೋಹನ ಬಂದನಾ ಎಂದರೆ ಇಲ್ಲ ಅಂದಳು, ತವರಿನಲ್ಲಿ ಅವ್ವಿ ಹೇಗಿದೆ ಎಂದರೆ ಅಡ್ಡಿಲ್ಲ ಅಂದಳು. ಆದರೂ ಬಂದಳಲ್ಲ ಎಂದು ಶಾಂಭವಿಗೆ ಜೀವ ಬಂದಂತಾಗಿತ್ತು. ಬೇಡದ್ದನ್ನೆಲ್ಲ ಮಾತಾಡಿದಳು, ಇನ್ನೂ ಅರ್ಧ ಲೋಟ ಚಾ ಬಗ್ಗಿಸಿದಳು.

ಚಾ ಮುಗಿಯಿತು. ಶಾಂಭವಿ ಏಳುವ ಮೊದಲೇ ಮಾಲತಿ ಎದ್ದು, ತನ್ನ ಲೋಟ ತೊಳೆದು ಬೋರಲು ಹಾಕಿದಳು. ಮೊಳೆಗೆ ತೂಗುಹಾಕಿದ್ದ ಬಟ್ಟೆ ತೆಗೆದು, ಒದ್ದೆ ಮಾಡಿ ಹಿಂಡಿ, ತಾನು ಕೂತಿದ್ದ ಕಡೆ ಒರೆಸತೊಡಗಿದಳು.

"ಏ, ಇರ್ಲಿ ಬಿಡು, ನಾ ಒರೆಸ್ತೆ."

"ಬ್ಯಾಡ ಅಕ್ಕ. ನಂದು ನಾನೇ ಮಾಡ್ತೆ." ಕೈ ನಿಲ್ಲಲಿಲ್ಲ. "ನಮ್ಮವ್ವಿ ಒಡೇರ ಮನೆಗೆ ಕೆಲ್ಸಕ್ಕೆ ಹೋಗ್ತಿತ್ತಲ್ಲ, ಸಣ್ಣವಳಿದ್ದಾಗ ನಾನೂ ಹೋಗ್ತಿದ್ದೆ. ಜಗಲಿ ಕೆಳಗೆ ಬಡಿಸೂರು. ಉಂಡಾದ್ಮೇಲೆ ನಮ್ಮ ಎಲೆ ನಾವೇ ತೆಗ್ದು, ಸಗಣಿ ಹಾಕಿ ಸಾರ್ಸಿಯೇ ಏಳೂದು. ಒಂದ್ಸಲ ಮರ್ತು ಎದ್ದು ಬಂದೆ, ಅಲ್ಲಿನ ಅಮ್ಮ ಬಂದು ಸಾರ್ಸ್ಕಂಡ್ರು. ಮನೆಗೆ ಬಂದಾದ್ಮೇಲೆ ಅವ್ವಿ ಕಿವಿ ಹಿಂಡಿತ್ತು."

ನಗುತ್ತಲೇ ಹೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಶಾಂಭವಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

"ಅಯ್ಯೋ, ಅದಕ್ಕಲ್ಲ ಮಾರಾಯ್ತಿ! ನಂಗೆ ಕಟ್ಟೆ ಚೊಕ್ಕ ಇರ್ಬೇಕು, ಅಷ್ಟೇ. ಯಾರೇ ಬಂದ್ರೂ ಒರೆಸ್ತೆ."

"ಹೌದಕ್ಕ. ನಂಗೆ ಗೊತ್ತಿಲ್ವ?" ಎಂದಳು ಮಾಲತಿ, ಇಂಜೆಕ್ಷನ್ನಿಗೆ ಹೆದರುವ ರೋಗಿಯನ್ನು ಸಮಾಧಾನ ಮಾಡುವ ದನಿಯಲ್ಲಿ. ಬಟ್ಟೆಯನ್ನು ಹಿಂಡಿ ನಾಲ್ಕು ಮಡಿಕೆ ಮಾಡಿ ಮೊಳೆಗೆ ಹಾಕಿದಳು.

"ಮುಂದಿನ್ವಾರ ಮಲ್ಲಿಗೆ ತರ್ತೀಯಲ್ಲ?"

"ಈಗ ಅವ್ವಿ ಅಲ್ಲೇ ಕಟ್ಟಿ ಕಳಿಸ್ತದೆ ಅಕ್ಕ. ಹೋಗ್ಬತ್ತೆ."

ಎದುರು ಬಾಗಿಲು ಮುಚ್ಚಿಕೊಂಡಿತು. ಶಾಂಭವಿ ಸ್ಟೂಲಿನ ಮೇಲೆ ಕೂತಲ್ಲೇ ಕೂತಳು. ಯಾರೇ ಬಂದರೂ ಒರೆಸುತ್ತೇನೆ. ಸುಳ್ಳಲ್ಲವಲ್ಲ! ಸಾಕ್ಷಿಗೆಂದು ಅವಳ ಮನಸ್ಸು ಹೋದ ತಿಂಗಳು ಬಂದಿದ್ದ ಅತ್ತಿಗೆ ಮಹಾಲಕ್ಷ್ಮಿಯನ್ನು ಹುಡುಕಿ ತಂದಿತು. ಅತ್ತಿಗೆ ಇದೇ ಕಟ್ಟೆಯ ಮೇಲೆ ಮುರುಗಲ ಪಾನಕ ಚೆಲ್ಲಿದ್ದಳು, ಹಲಸಿನ ಚಿಪ್ಸಿನ ಪುಡಿ ಉದುರಿಸಿದ್ದಳು. ಕಣ್ಣಿಗೆ ಚುಚ್ಚುತ್ತಿದ್ದರೂ ಶಾಂಭವಿ ಬಟ್ಟೆ ಮುಟ್ಟಿರಲಿಲ್ಲ. ಅತ್ತಿಗೆಯ ಕಾರು ಗೇಟು ದಾಟುವವರೆಗೆ ಕಾದಿದ್ದಳು. ಎದುರಿಗೇ ಒರೆಸಿದರೆ ಬೇಜಾರು ಮಾಡಿಕೊಂಡಾಳು ಎಂದು ಅವಳ ಕೈಗೆ ಆಗ ಗೊತ್ತಿತ್ತು.

ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು ನೋಡಿದಳು. ನಾಚಿಕೆಯಾಯಿತು. ಎದ್ದು ಹೋಗಿ ಎದುರು ಬಾಗಿಲು ತಟ್ಟಬೇಕೆನ್ನಿಸಿತು. ಏಳಲಿಲ್ಲ.

ಫ್ಯಾನು ತಿರುಗುತ್ತಿತ್ತು. ಮಾಲತಿ ಒರೆಸಿದ ಒದ್ದೆ, ಕಲ್ಲಿನ ಮೇಲೆ ಅಂಚಿನಿಂದ ಒಳಕ್ಕೆ ಒಣಗುತ್ತ ಬಂತು. ಮೊರದಷ್ಟಿದ್ದದ್ದು ತಟ್ಟೆಯಷ್ಟಾಯಿತು, ಆಮೇಲೆ ಅಂಗೈಯಷ್ಟು. ಅದೂ ಹೋದಮೇಲೆ ಯಾರು ಎಲ್ಲಿ ಕೂತಿದ್ದರೆಂದು ಗೊತ್ತಾಗುವಂತಿರಲಿಲ್ಲ. ಈಚೆ ಬದಿಯಲ್ಲಿ ಶಾಂಭವಿಯದೊಂದು ಲೋಟ ಮಾತ್ರ ಉಳಿದಿತ್ತು, ತಳದಲ್ಲಿ ಒಂದಿಷ್ಟು ಆರಿದ ಚಾ. ಅವಳು ಅದನ್ನು ಎತ್ತಲಿಲ್ಲ.