ಮೊದಲ ಗುಟುಕು ಯಾರಿಗೆ

ನಾಲ್ಕೇ ಸೆಕೆಂಡು! ನಿಡಿಯಾಳ ಮೂಗಿಗೆ ಅಲ್ಲೇ ವಾಸನೆ ಬಡಿಯಿತು. ದಿನಾ ಇಪ್ಪತ್ತು ನಿಮಿಷ ತಿನ್ನುತ್ತಿದ್ದ ಆಫೀಸಿನ ಅವಳ ಮಷೀನಿನ ಬ್ಯಾಕಪ್ಪು ಮಂಗಳವಾರ ಮಾತ್ರ ನಾಲ್ಕು ಸೆಕೆಂಡಿನಲ್ಲಿ ‘ಯಶಸ್ವಿ’ ಎಂದು ಹಸಿರು ಗುರುತು ಹಾಕಿಕೊಂಡು ಕೂತಿತ್ತು. ಮಾಂಟೆವಿಡಿಯೊದ ಅರ್ಧ ಊರಿಗೆ ಕರೆಂಟು ಹೋಗಿದ್ದೂ ಅಂದೇ.

ವರ್ಚುವಲ್ ಮಷೀನಿನ, ಅಂದರೆ ದೊಡ್ಡ ಸರ್ವರಿನೊಳಗೇ ಓಡುವ ಕಂಪ್ಯೂಟರಿನ, ಡಿಸ್ಕನ್ನು ದಿನವೂ ಪೂರ್ತಿ ನಕಲು ಮಾಡದೆ, ಬದಲಾದ ತುಂಡುಗಳನ್ನಷ್ಟೇ ಎತ್ತಿಡುವ ಹೊಸ ಸೌಲಭ್ಯ ಅವಳ ಮೇಲಧಿಕಾರಿ ಮಿಲ್ಟನ್‌ನ ಕೂಸು. ಯಾವ ತುಂಡು ಬದಲಾಯಿತೆಂದು ಒಂದು ಪಟ್ಟಿ ಗುರುತಿಟ್ಟುಕೊಳ್ಳುತ್ತದೆ. ಕರೆಂಟು ಹೋದರೆ ಆ ಪಟ್ಟಿಯೂ ಹೋಯಿತು. ಖಾಲಿ ಪಟ್ಟಿ ಕಂಡ ಪ್ರೋಗ್ರಾಮು ‘ಏನೂ ಬದಲಾಗಿಲ್ಲ’ ಎಂದು ಕೈ ತೊಳೆದುಕೊಂಡರೆ? ಸೋಮವಾರದಿಂದ ಸಾಲ್ತೋ ಊರಿನ ಡಯಾಲಿಸಿಸ್ ಕೇಂದ್ರದ ಇನ್ನೂರು ರೋಗಿಗಳ ದಾಖಲೆ ಇದನ್ನೇ ನಂಬಬೇಕಿತ್ತು. ಯಾರಿಗೆ ಯಾವ ಔಷಧ, ಎಷ್ಟು ಎಂಬುದೆಲ್ಲ ಅದರಲ್ಲೇ.

“ಪರೀಕ್ಷೆ ಎಲ್ಲಾ ಪಾಸಾಗಿದೆ ಮಾರಾಯ್ತಿ,” ಎಂದ ಮಿಲ್ಟನ್. “ನಿಂಗೆ ಮೊಸರಲ್ಲೂ ಕಲ್ಲು ಕಾಣತ್ತೆ. ಅವತ್ತು ನಿನ್ ಮಷೀನಲ್ಲಿ ಏನೂ ಬದಲಾಗಿರಲಿಲ್ಲ, ಅಷ್ಟೇ.”

“ಬೆಳಗ್ಗೆಯಿಂದ ಅದರಲ್ಲಿ ಕೂತು ಕೆಲಸ ಮಾಡಿದ್ದು ನಾನೇ ಅಲ್ವಾ!”

ಅವನು ಅವಳ ಮುಖ ನೋಡಲಿಲ್ಲ. ಕಂಕುಳಲ್ಲಿದ್ದ ಫ್ಲಾಸ್ಕಿನಿಂದ ಚಹಾದಂತೆ ಹೀರುವ ಮಾಟೆ ಸೊಪ್ಪು ತುಂಬಿದ ಸೋರೆ ಬುರುಡೆಗೆ ಬಿಸಿನೀರು ಹೊಯ್ದು, ಎಂದಿನಂತೆ ಮೊದಲ ಸಲದ್ದನ್ನು ತಾನೇ ಹೀರಿದ. ಮತ್ತೆ ನೀರು ಹೊಯ್ದು ಅವಳತ್ತ ಚಾಚಿದ. ನಿಡಿಯಾ ಕೈ ಚಾಚಲಿಲ್ಲ.

“ಮೊದಲ್ನೇದು ಯಾವಾಗ್ಲೂ ನೀವೇ ಯಾಕೆ ಕುಡೀತೀರಿ?”

“ಇದೆಂಥ ಪ್ರಶ್ನೆ? ಮೊದಲ್ನೇದು ಬರೀ ಕಹಿ, ಪುಡಿ. ಮಾಡಿದವನೇ ಕುಡೀಬೇಕು. ನಿಮ್ಮಜ್ಜಿ ಹೇಳ್ಕೊಟ್ಟಿಲ್ವಾ?”

“ಹೇಳ್ಕೊಟ್ಟಿದ್ದಾರೆ. ಅದಕ್ಕೇ, ಈಗ ನಿಮ್ಮ ಮಷೀನಿನ ಡಿಸ್ಕ್ ಅಳಿಸ್ತೀನಿ. ಹೊಸ ಬ್ಯಾಕಪ್ಪಿಂದಲೇ ವಾಪಸ್ ತರೋಣ.”

“ಬೇಡ!” ಅವನ ಕೈ ಸರಕ್ಕನೆ ಬಂದು ಕೀಲಿಮಣೆಗೆ ಅಡ್ಡ ಬಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದೆಂದರೆ ಇದೇ.

ನಿಡಿಯಾ ಆ ಕೈ ಸರಿಸಿ ಮಷೀನುಗಳ ವಿವರ ತೆರೆದಳು. ಆಫೀಸಿನ ನಲವತ್ತರಲ್ಲಿ ಮೂವತ್ತೊಂಬತ್ತು ಹೊಸ ಸೌಲಭ್ಯದಲ್ಲಿದ್ದವು. ಮಿಲ್ಟನ್‌ನದೊಂದೇ ಹಳೆಯ ಕ್ರಮಕ್ಕೆ, ಪೂರ್ತಿ ನಕಲಿಗೆ ಮರಳಿತ್ತು. ಬದಲಾಯಿಸಿದ ದಿನ ಬುಧವಾರ.

ಕರೆಂಟು ಹೋದ ಮಾರನೇ ದಿನ! ಅವಳು ಪರದೆಯನ್ನು ಅವನತ್ತ ತಿರುಗಿಸಿದಳು.

“ಗೊತ್ತಿತ್ತು ನಿಮಗೆ.”

“ಬರೀ ಅನುಮಾನ ಇತ್ತು,” ಎಂದ ಅವನು ತಲೆತಗ್ಗಿಸಿ. “ಪಟ್ಟಿ ಕಳೆದ್ರೆ ಪೂರ್ತಿ ನಕಲು ತಗೋ ಅಂತ ತಿದ್ದೋಕೆ ಇನ್ನೂ ಎರಡು ವಾರ ಬೇಕು. ಸೋಮವಾರಕ್ಕೆ ಮಾತು ಕೊಟ್ಟಾಗಿದೆ.”

“ಅದಕ್ಕೆ ಮೊದಲ್ನೇದನ್ನ ಸಾಲ್ತೋದ ರೋಗಿಗಳಿಗೆ ಕುಡಿಸ್ತೀರಾ?”

ಮಿಲ್ಟನ್ ಬುರುಡೆ ಕೆಳಗಿಟ್ಟ. ಫೋನು ಕೈಗೆತ್ತಿಕೊಂಡು ಸಾಲ್ತೋದ ನಂಬರ್ ಒತ್ತಿದ. ಸಾಲ್ತೋದವರು ಆ ಕಡೆಯಿಂದ ಮಾತಾಡುವುದು ತನ್ನ ಕಿವಿಗೇ ಕೇಳಿಸುವವರೆಗೂ ನಿಡಿಯಾ ಅಲ್ಲಿಂದ ಕದಲಲಿಲ್ಲ.