ಗೆರಿ

ಕೃಷ್ಣಾ ನದಿಯ ನೀರಿನ ಮಟ್ಟದ ಗ್ರಾಫ್ ಬಿಡಿಸುವ ನಮ್ಮ ಪ್ರೋಗ್ರಾಮಿನೊಳಗೆ ನಾನೊಂದು ಇಂಟರ್‌ಪ್ರಿಟರ್ ಕೂಡಿಸಿದೆ. ಮೌಸ್ ಹಿಡಿದು ತಿಣುಕಬೇಕಿಲ್ಲ. ಕನ್ನಡದಲ್ಲಿ ಆಜ್ಞೆ ಬರೆದರೆ ಸಾಕು, ಅದು ಓದಿಕೊಂಡು ಗ್ರಾಫ್ ಬಿಡಿಸುತ್ತದೆ. ಪುಸ್ತಕದ ‘ಗೆರೆ’, ನಮ್ಮ ಬಾಯಿಯ ‘ಗೆರಿ’ ಎರಡನ್ನೂ ಅದಕ್ಕೆ ಕಲಿಸಿದ್ದೆ. ಪದಗಳ ಪರಿಶೀಲನೆಗೆ ಬಂದ ಭಾಷಾ ಸಮಿತಿ ‘ಗೆರಿ’ಯನ್ನು ತೆಗೆಸಿತು. ಅಶುದ್ಧವಂತೆ. ನಮ್ಮವ್ವ ನನಗೆ ಮಾತು ಕಲಿಸಿದ್ದು ಆ ಅಶುದ್ಧದಲ್ಲೇ.

ಜಮಖಂಡಿಯಲ್ಲಿ ಪ್ರೋಗ್ರಾಮಿನ ಉದ್ಘಾಟನೆ. ಗಲಗಲಿಯ ಶಾಲೆಯಲ್ಲಿ ಭೂಗೋಳ ಕಲಿಸುವ ಸುವರ್ಣಾ ಅಕ್ಕೋರು ಮೊದಲು ಕಂಪ್ಯೂಟರಿನ ಮುಂದೆ ಕುಳಿತರು. ‘ಗೆರಿ ಎಳಿ’ ಎಂದು ಟೈಪ್ ಮಾಡಿದರು. ಪರದೆಯ ಮೇಲೆ ಕೆಂಪಕ್ಷರ ಮೂಡಿತು: ‘ಇಂಥ ಪದವಿಲ್ಲ.’

“ಇಲ್ಲ ಅಂದ್ರ? ದಿನಾ ಸಾಲ್ಯಾಗ ಹುಡುಗ್ರಿಗೆ ಇದನ್ನ ಹೇಳತೇನಲ್ರಿ!”

“‘ಗೆರೆ ಎಳೆ’ ಅಂತ ಬರೀರಿ ಅಕ್ಕೋರ,” ಎಂದೆ. ನನ್ನ ಬಾಯಿಗೇ ಹೊಡೆದುಕೊಳ್ಳಬೇಕೆನಿಸಿತು.

ಅವರು ನನ್ನನ್ನೊಮ್ಮೆ ನೋಡಿ, ಇಂಗ್ಲಿಷಿನಲ್ಲಿ ‘ಲೈನ್’ ಎಂದು ಹೊಡೆದರು. ಇಂಟರ್‌ಪ್ರಿಟರಿನ ಜೊತೆಗೇ ಬಂದಿದ್ದ ಇಂಗ್ಲಿಷ್ ಪದಗಳ ಶುದ್ಧಾಶುದ್ಧವನ್ನು ಸಮಿತಿ ಕೇಳಿರಲಿಲ್ಲ. ಕೃಷ್ಣೆಯ ಗೆರಿ ಸರ್ರನೆ ಪರದೆಯ ತುಂಬ ಎದ್ದಿತು.

ದೂರದ ಕುರ್ಚಿಯಲ್ಲಿದ್ದ ಸಮಿತಿಯ ಅಧ್ಯಕ್ಷರು ಚಪ್ಪಾಳೆ ತಟ್ಟಿದರು.

“ನೋಡಿ, ಕಂಪ್ಯೂಟರಿಗೂ ಕನ್ನಡ ಬಂತು!”